ಕ್ಯಾಮೆರಾ ಸ್ವಿಚ್ ಬಿಗಿಯಾದರೆ ಎರಡು ಹನಿ ಎಣ್ಣೆ ಬಿಡಬಹುದೇ?

ಬಾಗಿಲು ಕಿರುಗುಟ್ಟಿದರೆ ಕೀಲಿಗೆ ಎಣ್ಣೆ ಬಿಡುತ್ತೇವೆ. ಹೊಲಿಗೆ ಯಂತ್ರ ಬಿಗಿಯಾದರೆ ಎಣ್ಣೆ, ಸೈಕಲ್ ಚೈನು ಒಣಗಿದರೆ ಎಣ್ಣೆ, ಬೀಗ ತಿರುಗದಿದ್ದರೆ ಅದಕ್ಕೂ ಎಣ್ಣೆ. ಹಾಗಾಗಿ ಕ್ಯಾಮೆರಾದ ಆನ್-ಆಫ್ ಸ್ವಿಚ್ ಒಂದು ದಿನ ಬೆರಳಿಗೆ ಬಗ್ಗದೆ ಕುಳಿತಾಗ ಕೈ ತಾನಾಗಿಯೇ ಎಣ್ಣೆಯ ಬಾಟಲಿಯ ಕಡೆ ಹೋಗುತ್ತದೆ. ಪಕ್ಕದಲ್ಲಿದ್ದವರೂ ಅದನ್ನೇ ಹೇಳುತ್ತಾರೆ: 'ಎರಡೇ ಹನಿ ಬಿಡ್ರಿ, ಸಡಿಲ ಆಗ್ತದ.'

ಸಡಿಲ ಆಗುವುದು ನಿಜ. ಅದು ಎಷ್ಟು ದಿನ, ಆಮೇಲೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಹಾವೇರಿ ಜಿಲ್ಲೆಯಲ್ಲಿ ನಿಂತು ಕೇಳಿಕೊಳ್ಳುವುದಕ್ಕೆ ಕಾರಣವಿದೆ. ಇಲ್ಲಿ ಕ್ಯಾಮೆರಾ ಹಿಡಿದವರಿಗೆ ಧೂಳು ತಪ್ಪಿದ್ದಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿಗಳ ನಡುವೆ ನಿಂತು ಫೋಟೊ ತೆಗೆಯಬೇಕು, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಮಣ್ಣು ರಸ್ತೆಯಲ್ಲಿ ಸುತ್ತಬೇಕು, ದೀಪಾವಳಿ ಆದಮೇಲೆ ಊರೂರಲ್ಲೂ ನಡೆಯುವ ಹೋರಿ ಹಬ್ಬದಲ್ಲಿ ಓಡುವ ಹೋರಿಗಳ ಹಿಂದೆ ಏಳುವ ಧೂಳಿನ ಮೋಡದೊಳಗೆ ನುಗ್ಗಬೇಕು. ಕೊರಳಿಗೆ ಕೊಬ್ಬರಿ ಮಾಲೆ ಕಟ್ಟಿಕೊಂಡ ಹೋರಿ ನಿಮ್ಮ ಮುಂದೆ ಹಾದುಹೋಗುವುದು ಕೆಲವೇ ಸೆಕೆಂಡು. ಆ ಹೊತ್ತಿಗೆ ಸ್ವಿಚ್ ಸಿಕ್ಕಿಹಾಕಿಕೊಂಡರೆ ಹೋರಿ ವಾಪಸು ಬರುವುದಿಲ್ಲ. ಮದುವೆ ಫೋಟೊ ತೆಗೆಯುವವರ ಪಾಡು ಇನ್ನೂ ಕಷ್ಟ. ಅಕ್ಷತೆ ಬೀಳುವ ಗಳಿಗೆಯನ್ನು ಮತ್ತೊಮ್ಮೆ ಮಾಡಿ ಎನ್ನಲಾಗದು.

ಸ್ವಿಚ್ ಅಂದರೆ ಒಳಗೆ ಏನಿದೆ?

ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ಸ್ವಿಚ್. ಒಂದು ತಿರುಗಿಸುವಂಥದ್ದು. ನಿಕಾನ್‌ನ ಡಿಎಸ್ಎಲ್ಆರ್‌ಗಳಲ್ಲಿ ಶಟರ್ ಗುಂಡಿಯ ಸುತ್ತ ಉಂಗುರದ ಹಾಗೆ ಇರುತ್ತದಲ್ಲ, ಅದು. ಕ್ಯಾನನ್‌ನ ಅನೇಕ ಮಾದರಿಗಳಲ್ಲಿ ಮೋಡ್ ಡಯಲ್‌ನ ಪಕ್ಕದಲ್ಲೋ ಕೆಳಗೋ ಸಣ್ಣ ಲಿವರ್ ಆಗಿರುತ್ತದೆ. ಇನ್ನೊಂದು ಒತ್ತುವ ಗುಂಡಿ, ಜೇಬಿನಲ್ಲಿ ಹಿಡಿಸುವ ಸಣ್ಣ ಕ್ಯಾಮೆರಾಗಳಲ್ಲಿ ಇರುವಂಥದ್ದು.

ತಿರುಗಿಸುವ ಸ್ವಿಚ್ಚಿನಲ್ಲಿ ಹೊರಗೆ ಕಾಣುವ ಲಿವರ್‌ನ ಅಡಿಯಲ್ಲಿ ತೆಳುವಾದ ಲೋಹದ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಲಿವರ್ ತಿರುಗಿದಂತೆ ಈ ಪಟ್ಟಿ ಸರ್ಕ್ಯೂಟ್ ಹಲಗೆಯ ಮೇಲಿನ ಲೋಹದ ದಾರಿಯ ಮೇಲೆ ಉಜ್ಜಿಕೊಂಡು ಸರಿಯುತ್ತದೆ. 'ಟಕ್' ಎಂದು ಕೂರುವ ಅನುಭವ ಕೊಡಲು ಇನ್ನೊಂದು ಪುಟ್ಟ ಸ್ಪ್ರಿಂಗ್ ಮತ್ತು ತಗ್ಗು ಬೇರೆ. ಚಲನೆ ನಯವಾಗಿರಲಿ ಎಂದು ತಯಾರಿಸುವಾಗಲೇ ಒಂದಿಷ್ಟು ಗ್ರೀಸ್ ಹಚ್ಚಿರುವುದೂ ಉಂಟು. ಒತ್ತುವ ಗುಂಡಿಯ ಅಡಿಯಲ್ಲಿ ಕವುಚಿಟ್ಟ ಬಟ್ಟಲಿನಂಥ ಪುಟ್ಟ ಲೋಹದ ಗುಮ್ಮಟ. ಒತ್ತಿದರೆ ಅದು ಒಳಕ್ಕೆ ತಗ್ಗಿ ಕೆಳಗಿನ ಲೋಹವನ್ನು ಮುಟ್ಟುತ್ತದೆ, ಬಿಟ್ಟರೆ ಮೇಲಕ್ಕೆ ಪುಟಿಯುತ್ತದೆ. ಎರಡರಲ್ಲೂ ಹೊರ ಕವಚಕ್ಕೂ ಚಲಿಸುವ ಭಾಗಕ್ಕೂ ನಡುವೆ ಕಣ್ಣಿಗೆ ಕಂಡೂ ಕಾಣದಂಥ ಸಂದು ಇದ್ದೇ ಇರುತ್ತದೆ. ಸಂದು ಇಲ್ಲದಿದ್ದರೆ ಅದು ಅಲುಗಾಡುವುದೇ ಇಲ್ಲ. ಧೂಳಿಗೆ ಬಾಗಿಲು ಅಲ್ಲೇ.

ಇಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಇಂದಿನ ಡಿಜಿಟಲ್ ಕ್ಯಾಮೆರಾದ ಸ್ವಿಚ್ ಸಾಮಾನ್ಯವಾಗಿ ಕ್ಯಾಮೆರಾದ ವಿದ್ಯುತ್ತನ್ನು ಕಡಿದು ಜೋಡಿಸುವುದಿಲ್ಲ. ಒಳಗಿನ ಚಿಪ್‌ಗೆ 'ಏಳು', 'ಮಲಗು' ಎಂದು ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಇದನ್ನು ನೀವೇ ಪರೀಕ್ಷಿಸಬಹುದು. ಒಂದರ ಹಿಂದೊಂದು ಹತ್ತಾರು ಫೋಟೊ ಹೊಡೆದು ತಕ್ಷಣ ಸ್ವಿಚ್ ಆಫ್ ಮಾಡಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಕಾರ್ಡಿನ ದೀಪ ಉರಿಯುತ್ತಲೇ ಇರುತ್ತದೆ, ಬರೆಯುವುದು ಮುಗಿದ ಮೇಲೆ ಆರುತ್ತದೆ. ಸ್ವಿಚ್ ನಿಜವಾಗಿ ವಿದ್ಯುತ್ತು ಕಡಿದಿದ್ದರೆ ಇದು ಸಾಧ್ಯವಿರಲಿಲ್ಲ.

ಇದರಿಂದ ನಮಗೇನು? ಬಹಳ ಇದೆ. ಮನೆಯ ಗೋಡೆಯ ಸ್ವಿಚ್ಚಿನಲ್ಲಿ 230 ವೋಲ್ಟ್ ಹರಿಯುತ್ತದೆ. ಒತ್ತಿದಾಗಲೆಲ್ಲ ಒಳಗೆ ಸಣ್ಣ ಕಿಡಿ ಹಾರಿ, ಲೋಹದ ಮೇಲೆ ಕೂತ ತೆಳ್ಳನೆಯ ಕಿಲುಬು, ಜಿಡ್ಡು ಸುಟ್ಟುಹೋಗುತ್ತದೆ. ಕ್ಯಾಮೆರಾದ ಸ್ವಿಚ್ಚಿನಲ್ಲಿ ಹರಿಯುವುದು ಕೆಲವೇ ವೋಲ್ಟ್‌ನ, ತೀರ ಸಣ್ಣ ಪ್ರಮಾಣದ ವಿದ್ಯುತ್ತು. ಅದಕ್ಕೆ ಜಿಡ್ಡಿನ ಪೊರೆಯನ್ನು ತೂರಿ ಹೋಗುವ ಶಕ್ತಿಯಿಲ್ಲ. ಇಂಥ ಕಡೆ ಲೋಹಕ್ಕೆ ಚಿನ್ನದ ಲೇಪ ಕೊಡುವ ಪದ್ಧತಿ ಇರುವುದು ಇದಕ್ಕೇ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಆದರೆ ಚಿನ್ನದ ಮೇಲೆ ಎಣ್ಣೆ ಕೂತರೆ? ಎಣ್ಣೆ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಹಾಗಾಗಿ ಮನೆಯ ಸ್ವಿಚ್ಚು, ಬೀಗ, ಬಾಗಿಲ ಕೀಲುಗಳ ಅನುಭವವನ್ನು ಇಲ್ಲಿಗೆ ತಂದರೆ ಲೆಕ್ಕ ತಪ್ಪುತ್ತದೆ.

(ಹಳೆಯ ಫಿಲ್ಮ್ ಕ್ಯಾಮೆರಾಗಳ ಕಾಲದಲ್ಲಿ ಈ ತಾಪತ್ರಯ ಕಡಿಮೆ ಇತ್ತು. ಪೆಂಟಾಕ್ಸ್ ಕೆ1000 ಕ್ಯಾಮೆರಾಕ್ಕೆ ಆನ್-ಆಫ್ ಸ್ವಿಚ್ಚೇ ಇರಲಿಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಅದರ ಬೆಳಕಿನ ಮೀಟರ್ ಮಲಗುತ್ತಿತ್ತು.)

ಮೂರು ಊರಿನ ಧೂಳು ಒಂದೇ ಅಲ್ಲ

ಧೂಳು ಅಂದರೆ ಧೂಳು ಎನ್ನಬೇಡಿ. ಸ್ವಿಚ್ಚಿನ ಸಂದಿಗೆ ಹೋಗಿ ಕೂತದ್ದು ಯಾವ ಧೂಳು ಎನ್ನುವುದರ ಮೇಲೆ ಅದನ್ನು ಹೊರತೆಗೆಯುವ ಬಗೆ ನಿಂತಿದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಅದರ ಹೆಸರು ಇರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಖಾರ ಕಡಿಮೆ, ಹಾಗಾಗಿ ಅದರ ಧೂಳೂ ಪರವಾಗಿಲ್ಲ ಎಂದುಕೊಳ್ಳುವವರಿದ್ದಾರೆ. ಕ್ಯಾಮೆರಾದ ಮಟ್ಟಿಗೆ ಖಾರಕ್ಕಿಂತ ಬಣ್ಣವೇ ತೊಂದರೆ. ಮೆಣಸಿನಕಾಯಿಯ ಕೆಂಪು ಬಣ್ಣಕ್ಕೆ ಮುಖ್ಯ ಕಾರಣವಾದ ಕ್ಯಾಪ್ಸಾಂತಿನ್, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ಇವೆರಡೂ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಸಾರು ಕುದಿಸಿದಾಗ ಕೆಂಪೆಲ್ಲ ಮೇಲೆ ತೇಲುವ ಎಣ್ಣೆಗೇ ಅಂಟಿಕೊಂಡಿರುತ್ತದಲ್ಲ, ಹಾಗೆ. ಇದೇ ಗುಣವನ್ನು ಬಳಸಿಕೊಂಡು ಮೆಣಸಿನಕಾಯಿಯಿಂದ ಓಲಿಯೊರೆಸಿನ್ ಎಂಬ ಬಣ್ಣದ ಜಿಡ್ಡನ್ನು ತೆಗೆಯುತ್ತಾರೆ. ಅಂದರೆ ಮಾರುಕಟ್ಟೆಯಲ್ಲಿ ಹಾರುವ ಕೆಂಪು ಪುಡಿ ಬರೀ ಒಣ ಪುಡಿಯಲ್ಲ, ಒಳಗೆ ಜಿಡ್ಡಿರುವ ಪುಡಿ. ಅದು ಸ್ವಿಚ್ಚಿನ ಗ್ರೀಸಿಗೋ ನೀವು ಬಿಟ್ಟ ಎಣ್ಣೆಗೋ ಸಿಕ್ಕಿದರೆ ಚಟ್ನಿಯೇ ಆಗುತ್ತದೆ.

ಇನ್ನೊಂದು ಅಪಾಯ ಕ್ಯಾಮೆರಾಕ್ಕಲ್ಲ, ನಿಮ್ಮ ಕಣ್ಣಿಗೆ. ಮಾರುಕಟ್ಟೆಯಿಂದ ಬಂದು ಸ್ವಿಚ್ಚಿನ ಸಂದಿಗೆ ಬಾಯಿಂದ 'ಉಫ್' ಎಂದು ಊದಿದರೆ ಆ ಪುಡಿ ನೇರ ಮುಖಕ್ಕೇ ಹಾರುತ್ತದೆ. ವ್ಯೂಫೈಂಡರ್‌ನ ರಬ್ಬರಿಗೆ ಹತ್ತಿದ ಖಾರ ಮರುದಿನವೂ ಕಣ್ಣು ಉರಿಸಬಲ್ಲದು. ಬರೀ ನೀರಿನಲ್ಲಿ ಕೈ ತೊಳೆದರೆ ಇದು ಹೋಗುವುದಿಲ್ಲ, ಸೋಪು ಬೇಕು.

ರಾಣೆಬೆನ್ನೂರಿನ ಕಥೆ ಬೇರೆ. ಅಲ್ಲಿನ ಅಭಯಾರಣ್ಯ 1974ರಲ್ಲಿ ಆದದ್ದು, ಸುಮಾರು 119 ಚದರ ಕಿಲೋಮೀಟರ್ ವಿಸ್ತಾರ. ಕೃಷ್ಣಮೃಗಗಳನ್ನು ಹುಡುಕಿಕೊಂಡು ಹೋದವರು ಸಂಜೆಗೆ ಮೈತುಂಬ ಮಣ್ಣು ಹೊತ್ತು ಬರುತ್ತಾರೆ. ಈ ಸೀಮೆಯಲ್ಲಿ ಎರೆಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ಎರೆಮಣ್ಣಿನ ಜೇಡಿ ಕಣಗಳು ಎರಡು ಮೈಕ್ರಾನ್‌ಗಿಂತ ಸಣ್ಣವು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದುಕೊಂಡರೆ, ಕೂದಲು ತೂರದ ಸಂದಿಯಲ್ಲೂ ಇವು ಸಾಲುಗಟ್ಟಿ ಹೋಗಬಲ್ಲವು. ಎರೆಮಣ್ಣಿನ ಸ್ವಭಾವ ರೈತರಿಗೆ ನಾವು ಹೇಳಬೇಕಿಲ್ಲ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕಲ್ಲಾಗುತ್ತದೆ. ಹೊಲದಲ್ಲಿ ಬೇಸಿಗೆಗೆ ಬಿಡುವ ಬಿರುಕು ಅದರದ್ದೇ. ಬೆವರಿದ ಬೆರಳಿನ ತೇವ ಸಿಕ್ಕಿದರೆ ಸ್ವಿಚ್ಚಿನ ಸಂದಿಯಲ್ಲೂ ಅದೇ ನಾಟಕ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಬೆಳಗ್ಗೆ ಸರಿಯಿದ್ದ ಸ್ವಿಚ್ ಮಧ್ಯಾಹ್ನ ಅಂಟಂಟು, ಮರುದಿನ ಗಟ್ಟಿ. ಕೆಂಪು ಮಣ್ಣಿನ ಮರಳಿನಲ್ಲಿ ಸ್ಫಟಿಕದ ಹರಳುಗಳಿರುತ್ತವೆ. ಅವು ಕ್ಯಾಮೆರಾದ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ಅಂಥ ಮರಳು ಕೂತಾಗ 'ಕರಕರ' ಎಂಬ ಸದ್ದು ಬರುತ್ತದೆ. ಆಗ ಬಲ ಹಾಕಿ ತಿರುಗಿಸಿದಷ್ಟೂ ಒಳಗೆ ಗೀರು ಬೀಳುತ್ತದೆ.

ಹಾವೇರಿಯ ಮದುವೆ ಮಂಟಪದಲ್ಲಿ ಧೂಳಿಗಿಂತ ಬೆವರು, ಅರಿಸಿನ-ಕುಂಕುಮ, ಎಣ್ಣೆ ಕೈ ಇವುಗಳದ್ದೇ ಕಾಟ. ಅರಿಸಿನದ ಬಣ್ಣವೂ ನೀರಿಗೆ ಬಗ್ಗುವುದಿಲ್ಲ. ಬೆವರಿನ ಉಪ್ಪು ಲೋಹಕ್ಕೆ ಕಿಲುಬು ಹಿಡಿಸುತ್ತದೆ.

ಹಾಗಾದರೆ ಎಣ್ಣೆ ಯಾಕೆ ಬೇಡ?

ಎಣ್ಣೆ ಬಿಟ್ಟ ತಕ್ಷಣ ಸ್ವಿಚ್ ಸಡಿಲವಾಗುತ್ತದೆ, ಅದಕ್ಕೇ ಈ ನಂಬಿಕೆ ಇಷ್ಟು ಗಟ್ಟಿ. ಆದರೆ ಎಣ್ಣೆ ಬಿಟ್ಟಲ್ಲೇ ನಿಲ್ಲುವುದಿಲ್ಲ. ಹಣತೆಯಲ್ಲಿ ಎಣ್ಣೆ ಬತ್ತಿ ಹಿಡಿದು ಮೇಲೇರುವ ಹಾಗೆ, ಕಿರಿದಾದ ಸಂದು ಸಿಕ್ಕಿದ ಕಡೆಯೆಲ್ಲ ಹರಿಯುತ್ತದೆ. ಒಳಗಿದ್ದ ಗ್ರೀಸನ್ನು ತೆಳುವಾಗಿಸಿ, ಅದರಲ್ಲಿದ್ದ ಕೊಳೆಯನ್ನೂ ಎತ್ತಿಕೊಂಡು ಹೋಗಿ ಲೋಹದ ಪಟ್ಟಿಯ ಮೇಲೆ ಹರಡುತ್ತದೆ. ಹೊರಗೆ ಸ್ವಿಚ್ ನಯವಾಗಿ ತಿರುಗುತ್ತಿರುತ್ತದೆ, ಒಳಗೆ ಸುದ್ದಿ ಚಿಪ್‌ಗೆ ಮುಟ್ಟುವುದು ನಿಂತಿರುತ್ತದೆ. ತಿರುಗಿಸಿದರೂ ಕ್ಯಾಮೆರಾ ಏಳುವುದಿಲ್ಲ, ಎದ್ದದ್ದು ತಾನಾಗಿ ಮಲಗುತ್ತದೆ. ಬಿಗಿಯಾದ ಸ್ವಿಚ್ಚಿಗಿಂತ ಇದು ದೊಡ್ಡ ತಲೆನೋವು.

ಕೊಬ್ಬರಿ ಎಣ್ಣೆಯದ್ದಂತೂ ಇನ್ನೊಂದು ತಮಾಷೆ. ಅದು ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಗ್ಗೆ ಬಾಟಲಿಯನ್ನು ಬಿಸಿಲಿಗಿಟ್ಟು ಕಾಯುವುದು ಯಾರಿಗೆ ಗೊತ್ತಿಲ್ಲ? ನವೆಂಬರ್‌ನಲ್ಲಿ ಬಿಟ್ಟ ಎರಡು ಹನಿ ಡಿಸೆಂಬರ್‌ನ ಬೆಳಗಿನ ಮುಹೂರ್ತದ ಹೊತ್ತಿಗೆ ಸ್ವಿಚ್ಚಿನೊಳಗೆ ಮೇಣದಂತೆ ಕೂತಿರುತ್ತದೆ. ಆಮೇಲೆ ಎಣ್ಣೆ ಗಾಳಿಗೆ ಹಳಸಿ, ಧೂಳು ಕುಡಿದು ಅಂಟಾಗುವುದು ಇದ್ದೇ ಇದೆ. ಒಲೆಯ ಮೇಲಿನ ಗೋಡೆಯನ್ನು ನೋಡಿದರೆ ಸಾಕು.

ಡಬ್ಲ್ಯುಡಿ-40 ಸಿಂಪಡಣೆ ಎಲ್ಲ ರೋಗಕ್ಕೂ ಮದ್ದೆಂದು ಹೆಸರು ಮಾಡಿದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ರಾಕೆಟ್ ಕೆಮಿಕಲ್ ಕಂಪನಿ ಇದನ್ನು ತಯಾರಿಸಿದ್ದು ನೀರನ್ನು ಹೊರಗೆ ತಳ್ಳಿ ತುಕ್ಕು ತಡೆಯಲಿಕ್ಕೆ. ಹೆಸರಿನ ಅರ್ಥವೂ ಅದೇ: ನೀರು ತಳ್ಳುವ ದ್ರಾವಣದ 40ನೇ ಸೂತ್ರ. ಅದರಲ್ಲಿರುವ ದ್ರಾವಕ ಆರಿದ ಮೇಲೆ ಎಣ್ಣೆಯ ಪೊರೆ ಉಳಿಯುತ್ತದೆ. ಬೈಕಿನ ಬೋಲ್ಟಿಗೆ ಅದು ಒಳ್ಳೆಯದು, ಕ್ಯಾಮೆರಾಕ್ಕೆ ಅಲ್ಲ. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಮೇಲೆ ಬಳಸಬೇಡಿ ಎಂದು ಆ ಕಂಪನಿಯೇ ಹೇಳುತ್ತದೆ. ಬಹಳಷ್ಟು ಕ್ಯಾಮೆರಾಗಳ ಮೈ ಅದೇ ಪ್ಲಾಸ್ಟಿಕ್ಕಿನದು.

ಇನ್ನು ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣ. ಇವು ಕೊಳೆಯ ಜೊತೆ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ ಅಥವಾ ಕೂದಲೆಳೆಯಂಥ ಬಿರುಕು ಬಿಡಿಸುತ್ತವೆ. ಬೀಗಕ್ಕೆ ಹಾಕುವ ಪೆನ್ಸಿಲ್ ಪುಡಿ ನಯವೇನೋ ಹೌದು, ಆದರೆ ಅದು ವಿದ್ಯುತ್ತು ಹರಿಸುತ್ತದೆ. ಸರ್ಕ್ಯೂಟಿನ ಮೇಲೆ ಬಿದ್ದರೆ ಬೇಡದ ಕಡೆ ಜೋಡಣೆ ಮಾಡುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಆಲ್ಕೊಹಾಲ್ ಇದ್ದರೂ ಜೊತೆಗೆ ನೀರು, ಗ್ಲಿಸರಿನ್ ಇರುತ್ತವೆ. ಆಲ್ಕೊಹಾಲ್ ಹಾರಿಹೋಗಿ ಗ್ಲಿಸರಿನ್ನಿನ ಅಂಟು ಉಳಿಯುತ್ತದೆ. ಅಕ್ಕಿ ಡಬ್ಬಿಯಲ್ಲಿ ಕ್ಯಾಮೆರಾ ಹೂತಿಡುವುದರಿಂದ ಸಿಗುವುದು ಅಕ್ಕಿಯ ಹಿಟ್ಟು ಮಾತ್ರ.

ಮೊದಲು ತಪ್ಪು ಯಾರದ್ದು ಎಂದು ನೋಡಿ

ಸ್ವಿಚ್ಚನ್ನು ತಿದ್ದುವ ಮುಂಚೆ ಅದು ನಿಜಕ್ಕೂ ಸ್ವಿಚ್ಚಿನ ದೋಷವೇ ಎಂದು ಖಚಿತಪಡಿಸಿಕೊಳ್ಳಿ. ಲಿವರ್ ಮೊದಲಿನ ಹಾಗೆಯೇ ನಯವಾಗಿ ತಿರುಗಿ, 'ಟಕ್' ಎಂದು ಕೂತೂ ಕ್ಯಾಮೆರಾ ಏಳದಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲಿರಲಿ. ಬ್ಯಾಟರಿ ತುಂಬಿದೆಯೇ, ಅದರ ಲೋಹದ ತುದಿಗಳು ಸ್ವಚ್ಛವಾಗಿವೆಯೇ ನೋಡಿ. ಆಮೇಲೆ ಬ್ಯಾಟರಿಯ ಮುಚ್ಚಳ, ಕಾರ್ಡಿನ ಮುಚ್ಚಳ. ಅನೇಕ ಕ್ಯಾಮೆರಾಗಳಲ್ಲಿ ಈ ಮುಚ್ಚಳಗಳ ಒಳಗೆ ಪುಟ್ಟ ಸ್ವಿಚ್ ಇರುತ್ತದೆ. ಮುಚ್ಚಳ ಪೂರ್ತಿ ಕೂರದಿದ್ದರೆ ಕ್ಯಾಮೆರಾ ಏಳುವುದಿಲ್ಲ, ಬೈಸಿಕೊಳ್ಳುವುದು ಮಾತ್ರ ಮೇಲಿನ ಸ್ವಿಚ್ಚು. ಸಣ್ಣ ಕ್ಯಾಮೆರಾಗಳಲ್ಲಿ ಗುಂಡಿ ಒತ್ತಿದಾಗ ಲೆನ್ಸು ಅರ್ಧ ಹೊರಬಂದು ನಿಂತು, ಮತ್ತೆ ಆಫ್ ಆದರೆ ಅದು ಲೆನ್ಸಿನ ಕೊಳವೆಯಲ್ಲಿ ಮರಳು ಸಿಕ್ಕಿರುವ ಲಕ್ಷಣ, ಗುಂಡಿಯದ್ದಲ್ಲ.

ಕೈಗೆ ಬಿಗಿ ತಿಳಿಯುತ್ತಿದೆ, ಕರಕರ ಎನ್ನುತ್ತಿದೆ, ಅರ್ಧಕ್ಕೇ ನಿಲ್ಲುತ್ತಿದೆ, ಒತ್ತಿದ ಗುಂಡಿ ಮೇಲೆ ಬರುತ್ತಿಲ್ಲ ಎಂದಾದರೆ ಮಾತ್ರ ಸ್ವಿಚ್ಚಿನ ಸಂದಿಗೆ ಕೈಹಾಕಬೇಕು.

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ಕಾರ್ಡಿನ ದೀಪ ಆರಿದೆಯೇ ನೋಡಿ ಬ್ಯಾಟರಿ ಹೊರಗೆ ತೆಗೆಯಿರಿ. ಸ್ವಿಚ್ ಆನ್‌ನಲ್ಲೇ ಸಿಕ್ಕಿಕೊಂಡಿದ್ದರೂ ಪರವಾಗಿಲ್ಲ, ಆದರೆ ದೀಪ ಮಿನುಗುತ್ತಿರುವಾಗ ಬ್ಯಾಟರಿ ಕಿತ್ತರೆ ಕಾರ್ಡಿನಲ್ಲಿರುವ ಫೋಟೊಗಳೇ ಹಾಳಾಗಬಹುದು. ಸ್ವಿಚ್ಚಿಗಿಂತ ಫೋಟೊ ದೊಡ್ಡದು. ಕಾರ್ಡನ್ನೂ ತೆಗೆದಿಡಿ. ಲೆನ್ಸು ಅಥವಾ ಅದರ ಜಾಗದ ಮುಚ್ಚಳ ಮೈಗೆ ಹಾಕಿಯೇ ಇರಲಿ.

ಒಣ ಕೆಲಸ ಮೊದಲು. ಹೊಸದಾದ, ಮೆತ್ತನೆಯ ಬಣ್ಣದ ಕುಂಚ ತೆಗೆದುಕೊಳ್ಳಿ. ಕ್ಯಾಮೆರಾದ ತಲೆ ಕೆಳಗಾಗುವಂತೆ ಹಿಡಿದು, ಸ್ವಿಚ್ಚಿನ ಸುತ್ತ ಸಂದಿಯನ್ನು ಗುಡಿಸಿ. ತಲೆಕೆಳಗೆ ಹಿಡಿಯುವುದು ಮುಖ್ಯ. ಉದುರಿದ ಧೂಳು ಹೊರಗೆ ಬೀಳಬೇಕು, ಒಳಗಲ್ಲ. ನಡುನಡುವೆ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಓರೆಯಾಗಿ ಗಾಳಿ ಹಾಕಿ. ಪಂಕ್ಚರ್ ಅಂಗಡಿಯ ಗಾಳಿಯಂತ್ರ ಬೇಡವೇ ಬೇಡ. ಅದರ ರಭಸಕ್ಕೆ ಧೂಳು ಇನ್ನೂ ಆಳಕ್ಕೆ ಹೋಗುತ್ತದೆ, ಪೈಪಿನಲ್ಲಿ ನೀರಿನ ಹನಿ, ಎಣ್ಣೆ ಇರುವುದೂ ಉಂಟು. ಬ್ಯಾಡಗಿಯಿಂದ ಬಂದ ಕ್ಯಾಮೆರಾ ಆಗಿದ್ದರೆ ಈ ಕೆಲಸವನ್ನು ಕನ್ನಡಕ ಹಾಕಿಕೊಂಡು, ಬಯಲಿನಲ್ಲಿ ಮಾಡಿ.

ಈಗ ಬ್ಯಾಟರಿ ಇಲ್ಲದೆಯೇ ಲಿವರ್ ಅನ್ನು ಹೋಗುವಷ್ಟು ದೂರ ಮೆಲ್ಲಗೆ ಇಪ್ಪತ್ತು-ಮೂವತ್ತು ಸಲ ಆಚೀಚೆ ಆಡಿಸಿ. ಗುಂಡಿಯಾದರೆ ಅಷ್ಟೇ ಸಲ ಒತ್ತಿ ಬಿಡಿ. ಲೋಹದ ಪಟ್ಟಿ ತನ್ನ ದಾರಿಯನ್ನು ತಾನೇ ಉಜ್ಜಿಕೊಳ್ಳುತ್ತದೆ. ಮತ್ತೆ ಗುಡಿಸಿ, ಮತ್ತೆ ಆಡಿಸಿ. ಬರೀ ಮಣ್ಣಿನ ಧೂಳಾಗಿದ್ದರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಇಲ್ಲಿಗೇ ನಿಲ್ಲಿಸಲು ಸಾಧ್ಯವಾದರೆ ನಿಲ್ಲಿಸಿ.

ಜಿಡ್ಡು, ಖಾರದ ಪುಡಿ, ಯಾರೋ ಹಿಂದೆ ಬಿಟ್ಟ ಎಣ್ಣೆ ಇದ್ದರೆ ಒಣ ಕುಂಚ ಸಾಲದು. ಆಗ ಬೇಕಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ರಿಪೇರಿ ಮಾಡುವವರು 'ಐಪಿಎ' ಎನ್ನುತ್ತಾರೆ. ಶೇ 99ರ ಶುದ್ಧತೆಯದ್ದನ್ನೇ ತನ್ನಿ. ಶೇ 70ರದ್ದರಲ್ಲಿ ಉಳಿದ ಪಾಲು ನೀರು. ಆಲ್ಕೊಹಾಲ್ ಜಿಡ್ಡನ್ನೂ ಮೆಣಸಿನಕಾಯಿಯ ಬಣ್ಣವನ್ನೂ ಕರಗಿಸುತ್ತದೆ, ಬೇಗ ಹಾರಿಹೋಗುತ್ತದೆ, ಹಿಂದೆ ಏನನ್ನೂ ಬಿಡುವುದಿಲ್ಲ. ಎಣ್ಣೆಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಒಂದು ಕೊಳೆಯ ಜೊತೆ ಒಳಗೆ ಉಳಿಯುತ್ತದೆ, ಇನ್ನೊಂದು ಕೊಳೆಯನ್ನು ಬಿಡಿಸಿ ಹೊರಟುಹೋಗುತ್ತದೆ.

ಹತ್ತಿಕಡ್ಡಿಯ ತುದಿಗೆ ಒಂದು ಹನಿ ಮಾತ್ರ ಹಾಕಿ, ಹೆಚ್ಚಾದದ್ದನ್ನು ಕಾಗದಕ್ಕೆ ಒತ್ತಿ ತೆಗೆಯಿರಿ. ಕಡ್ಡಿ ಒದ್ದೆ ಎನಿಸಬೇಕು, ತೊಟ್ಟಿಕ್ಕಬಾರದು. ಕ್ಯಾಮೆರಾ ಈಗಲೂ ತಲೆಕೆಳಗೆ ಅಥವಾ ಓರೆಯಾಗಿಯೇ ಇರಲಿ. ಸಂದಿಯ ಉದ್ದಕ್ಕೂ ಸವರಿ, ಲಿವರ್ ಆಡಿಸಿ, ಹೊಸ ಕಡ್ಡಿ ತೆಗೆದುಕೊಂಡು ಮತ್ತೆ ಸವರಿ. ಕಡ್ಡಿಗೆ ಕಪ್ಪೋ ಕೆಂಪೋ ಹತ್ತುತ್ತಿರುವವರೆಗೆ ಇದು ನಡೆಯಲಿ. ಒಂದೇ ಕಡ್ಡಿಯನ್ನು ಮತ್ತೆ ಮತ್ತೆ ಬಳಸಿದರೆ ತೆಗೆದ ಕೊಳೆಯನ್ನೇ ವಾಪಸು ಹಚ್ಚಿದಂತೆ. ಹತ್ತಿಯ ಎಳೆ ಸಂದಿಯಲ್ಲಿ ಸಿಕ್ಕದಂತೆ ನೋಡಿಕೊಳ್ಳಿ. ತೆಳುವಾದ ಬಟ್ಟೆಯನ್ನು ಹಲ್ಲುಕಡ್ಡಿಗೆ ಸುತ್ತಿ ಬಳಸಿದರೆ ಇನ್ನೂ ಒಳ್ಳೆಯದು. ಸೂಜಿ, ಪಿನ್ನು, ಬ್ಲೇಡು ಬೇಡ. ಲೆನ್ಸಿನ ಗಾಜು, ಹಿಂದಿನ ಪರದೆಗೆ ಐಪಿಎ ತಾಗಿಸಬೇಡಿ. ಬಣ್ಣದಲ್ಲಿ ಬರೆದ ಅಕ್ಷರಗಳ ಮೇಲೂ ಒತ್ತಿ ಉಜ್ಜಬೇಡಿ.

ಐಪಿಎ ಬೆಂಕಿಗೆ ಬೇಗ ಹತ್ತುತ್ತದೆ. ನಮ್ಮ ಸಾಮಾನ್ಯ ಹವೆಯಲ್ಲೇ ಅದರ ಆವಿ ಹೊತ್ತಿಕೊಳ್ಳಬಲ್ಲದು. ಒಲೆ, ದೀಪ, ಉರಿಯುವ ಊದಿನಕಡ್ಡಿ ಇರುವ ಕೋಣೆಯಲ್ಲಿ ಬೇಡ. ಕಿಟಕಿ ತೆರೆದಿರಲಿ.

ಎಲ್ಲ ಆದಮೇಲೆ ಕನಿಷ್ಠ ಒಂದು ಗಂಟೆ ಹಾಗೇ ಬಿಡಿ. ಬಿಸಿಲಿಗಾಗಲಿ ಹೇರ್ ಡ್ರೈಯರ್‌ಗಾಗಲಿ ಹಿಡಿಯುವ ಅಗತ್ಯವಿಲ್ಲ. ಆಮೇಲೆ ಬ್ಯಾಟರಿ ಹಾಕಿ ನೋಡಿ.

ಸ್ಕ್ರೂ ಬಿಚ್ಚುವ ಮುನ್ನ

ಇಷ್ಟಾದರೂ ಸರಿಹೋಗದಿದ್ದರೆ? 'ನಾಲ್ಕು ಸ್ಕ್ರೂ ತೆಗೆದರೆ ಆಯಿತು' ಎಂಬ ವಿಡಿಯೊಗಳು ಬೇಕಾದಷ್ಟಿವೆ. ಇಲ್ಲಿ ನಾವು ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇವೆ: ಫ್ಲ್ಯಾಶ್ ಇರುವ ಕ್ಯಾಮೆರಾವನ್ನು ಮನೆಯಲ್ಲಿ ಬಿಚ್ಚಬೇಡಿ.

ಕಾರಣ ಕೆಪಾಸಿಟರ್. ಫ್ಲ್ಯಾಶ್ ಒಮ್ಮೆ ಮಿಂಚಲು ಬೇಕಾದ ಶಕ್ತಿಯನ್ನು ಕ್ಯಾಮೆರಾ ಒಂದು ಸಣ್ಣ ಕೊಳವೆಯಾಕಾರದ ಬಿಡಿಭಾಗದಲ್ಲಿ ತುಂಬಿಟ್ಟುಕೊಳ್ಳುತ್ತದೆ. ಬ್ಯಾಟರಿ ಕೆಲವೇ ವೋಲ್ಟ್‌ನದಾದರೂ ಅದನ್ನು ಏರಿಸಿ ಇದರಲ್ಲಿ ಸುಮಾರು 300 ವೋಲ್ಟ್ ಕೂಡಿಡಲಾಗುತ್ತದೆ. ನಮ್ಮ ಮನೆಯ ಲೈನಿಗಿಂತ ಹೆಚ್ಚು. 120 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಎಂದಿಟ್ಟುಕೊಂಡರೆ 300 ವೋಲ್ಟ್‌ನಲ್ಲಿ ಅದರೊಳಗೆ ಸುಮಾರು 5.4 ಜೂಲ್ ಶಕ್ತಿ ಇರುತ್ತದೆ. ಸಂಖ್ಯೆ ಸಣ್ಣದು, ಆದರೆ ಅದೆಲ್ಲ ಕಣ್ಣುಮಿಟುಕಿಸುವುದರೊಳಗೆ ಕೈಗೆ ಹರಿಯುತ್ತದೆ. ಬೆರಳು ಸುಡಬಹುದು, ಕೈ ಒಮ್ಮೆಲೇ ಹಿಂದಕ್ಕೆ ಎಗರಬಹುದು. ಹೃದಯದ ತೊಂದರೆ ಇರುವವರಿಗೆ, ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಇದು ಆಟವಲ್ಲ.

'ಬ್ಯಾಟರಿ ತೆಗೆದಿದ್ದೇನಲ್ಲ' ಎನ್ನುವ ಸಮಾಧಾನವೇ ಇಲ್ಲಿನ ದೊಡ್ಡ ತಪ್ಪುನಂಬಿಕೆ. ಬ್ಯಾಟರಿ ತೆಗೆದರೂ ಕೆಪಾಸಿಟರ್ ಖಾಲಿಯಾಗುವುದಿಲ್ಲ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತುಂಬಿಕೊಂಡೇ ಇರಬಹುದು. ಮೇಲೇಳುವ ಫ್ಲ್ಯಾಶ್ ಇರುವ ಕ್ಯಾಮೆರಾಗಳಲ್ಲಿ ಸ್ವಿಚ್ ತಲುಪಲು ಬಿಚ್ಚಬೇಕಾದ ಮೇಲಿನ ಕವಚದಲ್ಲೇ ಫ್ಲ್ಯಾಶಿನ ವೈರುಗಳೂ ಇರುತ್ತವೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಖಾಲಿ ಮಾಡುವ 'ಉಪಾಯ' ನಿಮಗೂ ಸರ್ಕ್ಯೂಟಿಗೂ ಒಳ್ಳೆಯದಲ್ಲ. ರಿಪೇರಿ ಬಲ್ಲವರು ಸರಿಯಾದ ರೆಸಿಸ್ಟರ್ ಜೋಡಿಸಿ ಅದನ್ನು ನಿಧಾನಕ್ಕೆ ಬರಿದು ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕುತ್ತಾರೆ.

ಹಾಗಾಗಿ ಕ್ಯಾಮೆರಾ ಬಿದ್ದ ಮೇಲೆ ಸ್ವಿಚ್ ಬಿಗಿಯಾಗಿದ್ದರೆ, 'ಟಕ್' ಎನ್ನುವುದು ಪೂರ್ತಿ ಮಾಯವಾಗಿ ಲಿವರ್ ಜೋಲುತ್ತಿದ್ದರೆ, ಮಳೆಯಲ್ಲಿ ನೆನೆದ ಮೇಲೆ ಹೀಗಾಗಿದ್ದರೆ, ಒತ್ತಿದ ಗುಂಡಿ ಒಳಗೇ ಉಳಿದರೆ, ನೇರ ರಿಪೇರಿಗೆ ಕೊಡಿ. ನೆನೆದ ಕ್ಯಾಮೆರಾವನ್ನು 'ಒಮ್ಮೆ ಆನ್ ಮಾಡಿ ನೋಡೋಣ' ಎನ್ನುವುದೂ ಬೇಡ. ವಾರಂಟಿ ಇದ್ದರೆ ಕಂಪನಿಯ ಅಧಿಕೃತ ಕೇಂದ್ರಕ್ಕೇ ಕಳಿಸಿ. ಹೊರಗೆ ಬಿಚ್ಚಿಸಿದರೆ ಅದು ಕೈತಪ್ಪಬಹುದು. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್, ರಾಣೆಬೆನ್ನೂರಿನವರಿಗೆ ದಾವಣಗೆರೆ ಇನ್ನೂ ಹತ್ತಿರ. ಹೋಗುವ ಮುನ್ನ ಫೋನ್ ಮಾಡಿ ನಿಮ್ಮ ಮಾದರಿಯ ಭಾಗ ಸಿಗುತ್ತದೆಯೇ ಎಂದು ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಕೊಡುವಾಗ ಕಾರ್ಡ್ ನಿಮ್ಮ ಬಳಿಯೇ ಇರಲಿ. ಸ್ವಿಚ್ಚಿಗೆ ಎಣ್ಣೆ, ಸ್ಪ್ರೇ ಏನಾದರೂ ಬಿಟ್ಟಿದ್ದರೆ ಮುಚ್ಚಿಡದೆ ಹೇಳಿ. ಅದು ಗೊತ್ತಿದ್ದರೆ ಅವರು ಸ್ವಚ್ಛ ಮಾಡುವ ಬಗೆಯೇ ಬೇರೆಯಾಗುತ್ತದೆ. ಸ್ವಚ್ಛ ಮಾಡಿದರೆ ಸಾಕೇ, ಭಾಗ ಬದಲಿಸಬೇಕೇ ಎಂದು ಕೇಳಿ. ಕೆಲವು ಮಾದರಿಗಳಲ್ಲಿ ಸ್ವಿಚ್ಚೊಂದೇ ಬಿಡಿಯಾಗಿ ಸಿಗದೆ ಮೇಲಿನ ಕವಚದ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ಆಗ ಖರ್ಚು ಕ್ಯಾಮೆರಾದ ಈಗಿನ ಬೆಲೆಗೆ ಹತ್ತಿರವಾಗಬಹುದು. ಬದಲಿಸಿದರೆ ಹಳೆಯ ಭಾಗ ವಾಪಸು ಕೇಳಿ ಪಡೆಯಿರಿ.

ನಾಳೆಯೇ ಮದುವೆ, ರಿಪೇರಿಗೆ ಹೊತ್ತಿಲ್ಲ ಎಂಬ ಸ್ಥಿತಿಯಲ್ಲಿದ್ದರೆ ಸ್ವಿಚ್ಚನ್ನು ಇಕ್ಕಳದಿಂದ ತಿರುಗಿಸಲು ಹೋಗಬೇಡಿ. ಅದು ಆನ್ ಆಗುವಂತಿದ್ದರೆ ಆನ್‌ನಲ್ಲೇ ಬಿಟ್ಟುಬಿಡಿ. ಮೆನುವಿನಲ್ಲಿ 'ಆಟೊ ಪವರ್ ಆಫ್' ಎಂಬುದನ್ನು 30 ಸೆಕೆಂಡಿಗೋ ಒಂದು ನಿಮಿಷಕ್ಕೋ ಇಟ್ಟರೆ ಕ್ಯಾಮೆರಾ ತಾನಾಗಿ ಮಲಗುತ್ತದೆ. ಶಟರ್ ಗುಂಡಿಯನ್ನು ಅರ್ಧ ಒತ್ತಿದರೆ ಏಳುತ್ತದೆ. ಹೀಗೆ ಬಿಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ ಎಂಬ ಭಯ ಸಾಮಾನ್ಯ, ಆದರೆ ಮಲಗಿದ ಕ್ಯಾಮೆರಾ ಎಳೆಯುವುದು ತೀರ ಅಲ್ಪ. ದಿನವಿಡೀ ನೂರು ಸಲ ಆನ್-ಆಫ್ ಮಾಡುವವರು ಸ್ವಿಚ್ ಸರಿಯಿದ್ದಾಗಲೂ ಇದನ್ನು ರೂಢಿ ಮಾಡಿಕೊಂಡರೆ ಅದರ ಸವಕಳಿ ಕಡಿಮೆಯಾಗುತ್ತದೆ. ಸ್ವಿಚ್ ಆನ್‌ನಲ್ಲೇ ಸಿಕ್ಕಿದ್ದರೆ ರಾತ್ರಿ ಮಲಗುವಾಗ, ಕಾರ್ಡಿನ ದೀಪ ಆರಿದ ಮೇಲೆ ಬ್ಯಾಟರಿ ತೆಗೆದಿಡಿ.

ಮಾರುಕಟ್ಟೆಗೋ ಹೋರಿ ಹಬ್ಬಕ್ಕೋ ಹೋಗುವ ದಿನ ತೆಳ್ಳನೆಯ ಪ್ಲಾಸ್ಟಿಕ್ ಚೀಲವೊಂದಕ್ಕೆ ಲೆನ್ಸಿನಷ್ಟೇ ತೂತು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಕ್ಯಾಮೆರಾಕ್ಕೆ ತೊಡಿಸಿ. ಸ್ವಿಚ್ಚು, ಗುಂಡಿಗಳೆಲ್ಲ ಚೀಲದ ಹೊರಗಿನಿಂದಲೇ ಬೆರಳಿಗೆ ಸಿಗುತ್ತವೆ. ಮನೆಗೆ ಬಂದ ಮೇಲೆ ಚೀಲ ಬಿಚ್ಚುವುದು ಅಂಗಳದಲ್ಲಿ, ಕೈ ಸೋಪಿನಲ್ಲಿ ತೊಳೆದ ನಂತರ.